ಮೆಲುದನಿಯ ಸೊಸೆ

ನಮ್ಮತ್ತೆಗೆ ಇಬ್ಬರು ಸೊಸೆಯರು. ಒಬ್ಬಳು ಬಾಯಿಬಡುಕಿ, ಇನ್ನೊಬ್ಬಳು ಬಂಗಾರ. ಬಾಯಿಬಡುಕಿ ನಾನು, ಕಲೀಚ. ಬಂಗಾರ ನನ್ನ ವಾರಗಿತ್ತಿ ಸಲ್ಕಿನ್. ಇದು ನನ್ನ ಮಾತಲ್ಲ. ಬೇಸಿಗೆಗೆ ಕುದುರೆ ಹೊಡೆದುಕೊಂಡು ನಾರಿನ್ ಸೀಮೆಯ ಈ ಹುಲ್ಲುಗಾವಲಿಗೆ ಹತ್ತಿ ಬರುವ ಯಾವ ಮನೆಯವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

"ಸಲ್ಕಿನ್ ನಡೆದರೆ ಹುಲ್ಲಿಗೂ ಗೊತ್ತಾಗಲ್ಲ. ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಲ್ಲ. ಸೊಸೆ ಅಂದ್ರೆ ಹಾಗಿರಬೇಕು," ಅಂತ ಅತ್ತೆ ಬಂದವರಿಗೆಲ್ಲ ಹೇಳುವರು. ಹೇಳುವಾಗ ಕಣ್ಣು ಮಾತ್ರ ನನ್ನ ಮೇಲೆ. ನಾನು ಗುಡಾರದೊಳಗೆ ಕೂತು ನಾಯಿಯನ್ನು ಗದರಿದರೆ ಕಣಿವೆಯಾಚೆ ಕುರಿಗಳು ತಲೆ ಎತ್ತುತ್ತವೆ. ದೇವರು ಕೊಟ್ಟ ಗಂಟಲು, ನಾನೇನು ಮಾಡಲಿ?

ನಮ್ಮಲ್ಲಿ ಹಿರಿ ಮಗ ಬೇರೆ ಒಲೆ ಹೂಡುತ್ತಾನೆ, ಕಿರಿಯವನು ಅಪ್ಪ ಅಮ್ಮನ ಜೊತೆ ಉಳಿಯುತ್ತಾನೆ. ಹಾಗಾಗಿ ನಾನು ಬಚಾವಾದೆ, ಅತ್ತೆಯ ಒಲೆ ಸಲ್ಕಿನ್ ಪಾಲಿಗೆ ಬಂತು. ಒಲೆ ಅಂದರೆ ಬರೀ ಅಡುಗೆಯಲ್ಲ. ಹುಳಿ ಬರಿಸಿದ ಕುದುರೆ ಹಾಲು, ನಮ್ಮ ಕುಮಿಸ್, ಅದು ಅತ್ತೆ ಮನೆಯದು ಅಂದರೆ ಸೀಮೆಗೇ ಹೆಸರು. ಎದೆ ಸರಿಯಿಲ್ಲದವರು, ಕೆಮ್ಮಿನವರು ಪಟ್ಟಣದಿಂದ ಹುಡುಕಿಕೊಂಡು ಬಂದು, ಇಲ್ಲೇ ಉಳಿದು ಕುಡಿದು ಹೋಗುತ್ತಾರೆ. ಅದರ ರುಚಿಯೆಲ್ಲ ಹೊಗೆಯದು. ಹಾಲು ತುಂಬುವ ತೊಗಲಿನ ಚೀಲಕ್ಕೆ ಹೊಗೆ ಹಿಡಿಸಬೇಕು. ಬೆರಣಿ ಕೆಂಡದ ಮೇಲೆ ಹಸಿ ಪೈನ್ ಟೊಂಗೆ ಹಾಕಿ, ಹೊಗೆ ಆಚೆ ಹೋಗದ ಹಾಗೆ ಮೇಲೆ ಕಂಬಳಿ ಮುಚ್ಚಿ, ಆ ಕಂಬಳಿಯೊಳಗೆ ತಲೆ ಹಾಕಿ ಚೀಲವನ್ನು ತಿರುಗಿಸುತ್ತಾ ಇರಬೇಕು. ಆ ತಲೆ ಸಲ್ಕಿನ್‌ದು. ಚಳಿಗಾಲದಲ್ಲಿ ಕೆಳಗಿನ ಮನೆಗೆ ಹೋದರೂ ಕಿಟಕಿಗೆ ಬಟ್ಟೆ ತುರುಕಿ, ಅದೇ ಬೆರಣಿ ಒಲೆಯ ಮುಂದೆ ಅವಳೇ.

ಆ ದಿನ ಆಸ್ಪತ್ರೆಯ ಜೀಪು ಬಂತು. ನರ್ಸ್ ಜಿಬೆಕ್, ನಮ್ಮ ಕೆಳಗಿನ ಊರಿನ ಸೊಸೆಯೇ, ಒಂದು ಪೆಟ್ಟಿಗೆ ಹಿಡಿದು ಇಳಿದಳು. ಬೆಟ್ಟದವರ ಶ್ವಾಸಕೋಶ ತಪಾಸಣೆಯಂತೆ. ಮೂಗಿಗೆ ಚಿಮಟ ಸಿಕ್ಕಿಸಿಕೊಂಡು, ಒಂದು ಕೊಳವೆಯೊಳಗೆ ಇರುವ ಉಸಿರೆಲ್ಲ ಊದಬೇಕಂತೆ. ಅತ್ತೆಯ ಗುಡಾರ ದೊಡ್ಡದು ಅಂತ ಎಲ್ಲರೂ ಅಲ್ಲೇ ಸೇರಿದೆವು. ಕುಮಿಸ್ ಕುಡಿಯಲು ಬಂದಿದ್ದ ಪಟ್ಟಣದವರೂ ಬಟ್ಟಲು ಹಿಡಿದು ತಮಾಷೆ ನೋಡಲು ಕೂತರು.

"ಇಷ್ಟು ಎತ್ತರದಲ್ಲಿ ಏದುಸಿರು ಯಾರಿಗೆ ಬರಲ್ಲ?" ಅತ್ತೆ ಶುರು ಮಾಡಿದರು. "ಕುದುರೆಗೂ ಬರುತ್ತೆ. ಅದನ್ನೂ ಊದಿಸ್ತೀಯೇನೇ?"

"ಕುದುರೆ ಬೆರಣಿ ಒಲೆ ಮುಂದೆ ಕೂರಲ್ವಲ್ಲ ಅಜ್ಜಿ," ಅಂದಳು ಜಿಬೆಕ್.

ಮೊದಲು ನಾನು ಊದಿದೆ. ಜಿಬೆಕ್ ಯಂತ್ರದ ಮೇಲೆ ಕೈ ಇಟ್ಟು, "ಸಾಕು ಅಕ್ಕ, ಸಾಕು! ಕಿತ್ತುಹೋದರೆ ನನ್ನ ಸಂಬಳದಲ್ಲಿ ಹಿಡೀತಾರೆ," ಅಂತ ನಕ್ಕಳು.

"ನನ್ನ ಕಿವಿ ಕಿತ್ತುಹೋಗಿಲ್ವಾ? ಯಾರ ಸಂಬಳದಲ್ಲಿ ಹಿಡೀಲಿ?" ಅಂದರು ಅತ್ತೆ. ಗುಡಾರವೆಲ್ಲ ನಗು. ನಾನೂ ನಕ್ಕೆ.

ಆಮೇಲೆ ಸಲ್ಕಿನ್. ತಲೆಯ ವಸ್ತ್ರ ಸರಿಮಾಡಿಕೊಂಡು ಕೂತು ಊದಿದಳು. ಊದಿದಳೋ ಇಲ್ಲವೋ ಗೊತ್ತಾಗದ ಹಾಗೆ ಊದಿದಳು. "ಇನ್ನೂ ಜೋರಾಗಿ, ತಂಗಿ," ಅಂದಳು ಜಿಬೆಕ್. ಮತ್ತೆ ಅಷ್ಟೇ. ಮೂರನೇ ಸಲವೂ ಯಂತ್ರ ಕೆಂಪು ದೀಪ ತೋರಿಸಿ ಕುಂಯ್ ಅಂದಿತು.

ಅತ್ತೆಯ ಮುಖ ಅರಳಿಹೋಯಿತು. "ಹಿರಿಯರ ಮುಂದೆ, ಪರಗಂಡಸರ ಮುಂದೆ ಬುಸ್ ಅಂತ ಊದು ಅಂದ್ರೆ ಅವಳು ಹೇಗೆ ಊದ್ತಾಳೆ? ನನ್ನ ಸೊಸೆ ಉಸಿರಾಡೋದರಲ್ಲೂ ಮರ್ಯಾದೆ ಬಿಟ್ಟವಳಲ್ಲ!"

ಪಟ್ಟಣದವರು ಆಹಾ ಅಂದರು. ಜಿಬೆಕ್ ಕೂಡ ತಲೆ ಆಡಿಸಿದಳು. "ನಾನೂ ಒಂದು ಮನೆಯ ಸೊಸೆಯೇ ಅಲ್ವಾ, ಗೊತ್ತಾಗುತ್ತೆ. ಸರಿಯಾಗಿ ಊದಲಿಲ್ಲ ಅಂತ ಬರ್ಕೋತೀನಿ ಬಿಡಿ. ಇವರ ಲೆಕ್ಕ ಬಿಟ್ಟುಬಿಡ್ತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಜೋರಾಗಿ ಊದಿದ ನಾನು ನಗೆಪಾಟಲು, ಹೇಳಿದ ಕೆಲಸ ಮಾಡದ ಇವಳಿಗೆ ಹೊಗಳಿಕೆ! ಇವತ್ತು ಈ ಬಂಗಾರದ ಬಣ್ಣ ಬಯಲು ಮಾಡಿಯೇ ಸೈ ಅಂದುಕೊಂಡೆ. ಎಲ್ಲರೂ ಎದ್ದ ಮೇಲೆ ಜಿಬೆಕ್‌ಳ ರಟ್ಟೆ ಹಿಡಿದೆ. "ಪೆಟ್ಟಿಗೆ ಎತ್ಕೊ. ಸಲ್ಕಿನ್ ನೀರಿಗೆ ಹೋಗಿದಾಳೆ. ಅಲ್ಲಿ ಅತ್ತೆ ಇಲ್ಲ, ಗಂಡಸರಿಲ್ಲ. ಅವಳ ನಿಜವಾದ ಗಂಟಲು ಎಷ್ಟಿದೆ ತೋರಿಸ್ತೀನಿ ಬಾ."

ದಿಬ್ಬದ ಹಿಂದೆ, ನೀರಿನ ಬುಗ್ಗೆಯ ಹತ್ತಿರ ಸಲ್ಕಿನ್ ಕಲ್ಲಿನ ಮೇಲೆ ಕೂತಿದ್ದಳು. ಬಕೆಟ್ಟು ಇನ್ನೂ ಖಾಲಿ.

"ಏಳೇ, ನಾಚಿಕೆ ಮುದ್ದೆ," ಅಂದೆ. "ಇಲ್ಲಿ ಯಾರೂ ಇಲ್ಲ. ನನ್ನ ಮೇಲಿರೋ ಸಿಟ್ಟೆಲ್ಲ ಹಾಕಿ ಊದು. ಅತ್ತೆ ಮೇಲಿರೋದನ್ನೂ ಸೇರಿಸ್ಕೊ, ನಾನು ಹೇಳಲ್ಲ."

ಅವಳಿಗೂ ನಗು ಬಂತು. ಕೊಳವೆ ಕಚ್ಚಿ ಹಿಡಿದಳು. ಈ ಸಲ ನಿಜವಾಗಿ ಊದಿದಳು, ಅದನ್ನು ನಾನು ಕಣ್ಣಾರೆ ಕಂಡೆ. ಕತ್ತಿನ ನರಗಳೆಲ್ಲ ಎದ್ದು ನಿಂತವು. ಭುಜ ಮೇಲೆ ಬಂತು. ಕಣ್ಣುಗಳು ಕಿತ್ತು ಬರುತ್ತವೇನೋ ಅನ್ನಿಸಿತು, ತುಟಿ ನೀಲಿಗಟ್ಟಿತು. ಇಷ್ಟೆಲ್ಲ ಮಾಡಿ ಕೊಳವೆಯಿಂದ ಬಂದದ್ದು ತೂತು ಬಿದ್ದ ತಿದಿಯ ಗಾಳಿಯಷ್ಟು. ಯಂತ್ರ ಅದೇ ಕೆಂಪು ದೀಪ ತೋರಿಸಿತು.

ಜಿಬೆಕ್‌ಳ ಮುಖದ ನಗು ಆರಿಹೋಯಿತು. ಉಸಿರಲ್ಲಿ ಎಳೆದುಕೊಳ್ಳುವ ಔಷಧಿಯ ಡಬ್ಬಿ ತೆಗೆದು ಸಲ್ಕಿನ್ ಬಾಯಿಗೆ ಹಿಡಿದು ಒತ್ತಿದಳು. ಸ್ವಲ್ಪ ಹೊತ್ತು ಕಾಯಿಸಿ ಮತ್ತೆ ಊದಿಸಿದಳು. ಹೆಚ್ಚೇನೂ ಬದಲಾಗಲಿಲ್ಲ. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದಳು.

"ಅಕ್ಕ, ಇವರು ನಾಚಿಕೊಂಡಿದ್ದಲ್ಲ," ಅಂದಳು ಕೊನೆಗೆ. "ಇವರ ಹತ್ತಿರ ಇರೋ ಉಸಿರೇ ಇಷ್ಟು. ಇವರ ವಯಸ್ಸಿಗೆ ಇರಬೇಕಾದ್ದರಲ್ಲಿ ಅರ್ಧವೂ ಇಲ್ಲ. ಬೀಡಿ ಸಿಗರೇಟು ಎಳೆದು ಎಳೆದು ಮುದುಕರಾದವರಲ್ಲಿ ಇದನ್ನು ನೋಡಿದೀನಿ. ಹೆಂಗಸಲ್ಲಿ, ಈ ವಯಸ್ಸಲ್ಲಿ ನೋಡಿಲ್ಲ."

ಏನೋ ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಯಾರನ್ನು ಬೈಯುವುದು?

"ಯಾಕೇ ಹೇಳಲಿಲ್ಲ? ಬಾಯಿಗೆ ಏನಾಗಿತ್ತು ನಿನಗೆ?"

"ಏನಂತ... ಹೇಳಲಿ ಅಕ್ಕ?" ಎರಡು ಮಾತಿಗೊಮ್ಮೆ ನಿಂತು ಉಸಿರು ತಗೊಂಡಳು. ಯಾವತ್ತೂ ಹಾಗೇ ಮಾತಾಡುತ್ತಿದ್ದಳು. ನಾವೆಲ್ಲ ಅದನ್ನು ಗಾಂಭೀರ್ಯ ಅಂದುಕೊಂಡಿದ್ದೆವು. "ಮೊದಮೊದಲು... ಬೆಟ್ಟ ಹತ್ತುವಾಗ ಮಾತ್ರ ಇತ್ತು. ಆಮೇಲೆ ನೀರು ಹೊರುವಾಗ. ಈಗ... ಜಡೆ ಹೆಣೆಯುವಾಗಲೂ. ಎಲ್ಲರೂ ಎಷ್ಟು ಮೆತ್ತಗೆ, ಎಷ್ಟು ಚೆನ್ನ ಅಂತಿದ್ದರು. ಇರಲಿ ಬಿಡು... ಅಂದ್ಕೊಂಡೆ."

ಆಗ ನೆನಪಾಯಿತು ನನಗೆ. ಮದುವೆಯಾಗಿ ಬಂದ ಹೊಸದರಲ್ಲಿ ಇವಳು ಹಾಡುತ್ತಿದ್ದಳು! ಹೆಂಗಸರೆಲ್ಲ ಉಯ್ಯಾಲೆ ಕಟ್ಟಿದಾಗ ಇವಳ ಹಾಡು ಕೇಳಿ ಕುದುರೆ ಕಾಯುವವರು ಅಲ್ಲಲ್ಲೇ ನಿಲ್ಲುತ್ತಿದ್ದರು. "ಢಣಢಣ ಅನ್ನೋ ಗಂಟೆ ಒಂದು ಸಾಲದು ಅಂತ ಇನ್ನೊಂದನ್ನ ತಂದ್ಕೊಂಡೆ," ಅಂತ ಅತ್ತೆ ತಲೆ ಚಚ್ಚಿಕೊಂಡದ್ದೂ ನೆನಪಾಯಿತು. ಆ ಹಾಡು ಯಾವ ವರ್ಷ ನಿಂತಿತು? ಒಂದೇ ಕಣಿವೆಯಲ್ಲಿ ಬದುಕಿದವಳು ನಾನು, ನನಗೆ ಗೊತ್ತೇ ಆಗಲಿಲ್ಲ.

"ಇವತ್ತೇ ನನ್ನ ಜೊತೆ ಜೀಪಲ್ಲಿ ದೊಡ್ಡಾಸ್ಪತ್ರೆಗೆ ಬರಲಿ," ಅಂದಳು ಜಿಬೆಕ್. "ಹೋದದ್ದು ವಾಪಸ್ ಬರಲ್ಲ. ಉಳಿದಿರೋದನ್ನು ಉಳಿಸ್ಕೋಬಹುದು. ಇನ್ನು ಹೊಗೆ ಹತ್ತಿರ ಹೋಗೋ ಹಾಗಿಲ್ಲ. ಹೀಗೇ ಬಿಟ್ಟರೆ, ಈ ಚಳಿಗಾಲದಲ್ಲಿ ಒಂದು ನೆಗಡಿ ಎದೆಗಿಳಿದರೆ ಸಾಕು."

"ಇವತ್ತು ಬೇಡ," ಅಂದಳು ಸಲ್ಕಿನ್. "ಚೀಲಕ್ಕೆ... ಹೊಗೆ ಹಿಡಿಸಬೇಕು. ಪಟ್ಟಣದ ನೆಂಟರಿದ್ದಾರೆ."

"ನಿನ್ನ ಚೀಲಕ್ಕಿಷ್ಟು ಬೆಂಕಿ ಹಾಕ!" ಅಂತ ಕಿರುಚಿದೆ. ಖಾಲಿ ಬಕೆಟ್ಟು ಒಂದು ಕೈಲಿ, ಅವಳು ಒಂದು ಕೈಲಿ, ದಿಬ್ಬ ಹತ್ತಿಸಿದೆ. ಇಷ್ಟೇ ಇಷ್ಟು ದಿಬ್ಬ. ಅದಕ್ಕೆ ಅವಳು ಎಷ್ಟು ಸಲ ನಿಂತಳು ಅನ್ನುವುದನ್ನು ಅವತ್ತೇ ನಾನು ಮೊದಲ ಸಲ ನೋಡಿದ್ದು.

ಅವಳ ಗಂಡ ತಾಲಾಯ್ ಕಣಿವೆಯ ತುದಿಗೆ ಕುದುರೆ ಹೊಡೆದುಕೊಂಡು ಹೋಗಿದ್ದ. ಕಳಿಸಬೇಕಾದವರು ಅತ್ತೆಯೇ. ಅತ್ತೆ ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ.

"ಓಹೋ! ಅವಳ ಹಾಗೆ ನಡ್ಕೊಳ್ಳೋಕೆ ನಿನ್ನ ಕೈಲಾಗಲಿಲ್ಲ, ಈಗ ಅವಳ ಒಳ್ಳೆಯತನಕ್ಕೇ ಕಾಯಿಲೆ ಅಂತ ಹೆಸರಿಟ್ಟೆಯಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವೇನೇ!"

"ಅಜ್ಜಿ, ನಾನೇ ಪರೀಕ್ಷೆ ಮಾಡಿ..." ಅಂತ ಜಿಬೆಕ್ ಬಾಯಿ ಹಾಕಿದಳು.

"ನೀನು ಸುಮ್ನಿರು. ಅವಳನ್ನೇ ಕೇಳೋಣ. ಸಲ್ಕಿನ್, ನೆಂಟರನ್ನು ಬಿಟ್ಟು ಆಸ್ಪತ್ರೆಗೆ ಹೋಗ್ತೀಯಾ? ಹೇಳು."

ಸಲ್ಕಿನ್‌ಳ ತುಟಿ ಅಲ್ಲಾಡಿತು. ಹೊರಗೆ ಹಾಲು ಕರೆಯುವ ಹೊತ್ತು, ಮರಿಗಳಿಗಾಗಿ ಕುದುರೆಗಳು ಕೆನೆಯುತ್ತಿದ್ದವು. ಒಳಗೆ ಪಟ್ಟಣದವರ ಹರಟೆ.

"ನೋಡಿದ್ಯಾ?" ಅತ್ತೆ ನನ್ನ ಕಡೆ ತಿರುಗಿದರು. "ತುಟಿಪಿಟಕ್ ಅನ್ನಲಿಲ್ಲ. ಅವಳಿಗೆ ಮನಸ್ಸಿಲ್ಲ."

"ಅಂದಳು, ಅತ್ತೆ! ಹೋಗ್ತೀನಿ ಅಂದಳು! ನಿಮಗೆ ಕೇಳಿಸ್ತಾ ಇಲ್ಲ!"

ಏನು ಮಾಡಿದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಅತ್ತೆಯ ಕತ್ತಿಗೆ ಕೈ ಹಾಕಿದ್ದೆ. ಯಾವ ಸೊಸೆಯೂ ಮಾಡದ ಕೆಲಸ ಅದು. ಅವರ ತಲೆಯನ್ನು ಬಗ್ಗಿಸಿ, ಕಿವಿಯನ್ನು ಸಲ್ಕಿನ್‌ಳ ಎದೆಗೆ ಒತ್ತಿ ಹಿಡಿದೆ. "ಕೇಳಿ! ಚೆನ್ನಾಗಿ ಕೇಳಿ!" ಪಟ್ಟಣದವರ ಬಾಯಿ ಮುಚ್ಚಿತು. ಅತ್ತೆ ಕೊಸರಾಡಿದರು. ಆಮೇಲೆ ಕೊಸರಾಡುವುದನ್ನು ನಿಲ್ಲಿಸಿದರು. ನಾನು ಕೈ ತೆಗೆದೆ. ಅವರು ಕಿವಿ ತೆಗೆಯಲಿಲ್ಲ.

ತಲೆ ಎತ್ತಿದಾಗ ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ. ನನ್ನನ್ನು ಬೈಯಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು. ಎದ್ದು ಹೋಗಿ ತಮ್ಮ ಉಣ್ಣೆ ಶಾಲು ತಂದು ಸಲ್ಕಿನ್‌ಗೆ ಹೊದಿಸಿದರು. ಹೊರಗೆ ಚೀಲಕ್ಕೆ ಹೊಗೆ ಹಿಡಿಸುವ ಗುಂಡಿಯಲ್ಲಿ ಕೆಂಡ ಹಾಕಿ ಇಟ್ಟಿತ್ತು. ಹೋಗುವಾಗ ಅದರ ಮೇಲೆ ಒಂದು ಕೊಡ ನೀರು ಸುರಿದರು.

ಜೀಪಿನ ಹತ್ತಿರ ಸಲ್ಕಿನ್ ಹಿರಿಯರಿಗೆ ನಮಸ್ಕಾರ ಅಂತ ಬಗ್ಗಲು ಹೋದಳು. ಅತ್ತೆ ಎರಡೂ ತೋಳು ಹಿಡಿದು ನಿಲ್ಲಿಸಿದರು. "ಬೇಡಮ್ಮ. ಉಸಿರು ಕಟ್ಟುತ್ತೆ."

"ಎಷ್ಟು ದಿನದಿಂದ ಹೀಗಿದೆ ಅಂತ ಡಾಕ್ಟರು ಮೊದಲು ಅದನ್ನೇ ಕೇಳ್ತಾರೆ," ಅಂದಳು ಜಿಬೆಕ್. "ಯಾರಿಗಾದ್ರೂ ಗೊತ್ತಾ?"

ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು.

"ಎಂದಿನಿಂದಮ್ಮ?" ಅತ್ತೆಯೇ ಕೇಳಿದರು. ಈ ಸಲ ತಾವಾಗಿಯೇ ಅವಳ ಬಾಯಿಯ ಹತ್ತಿರ ಕಿವಿ ತಂದರು.

ಸಲ್ಕಿನ್ ಯೋಚಿಸಿದಳು. ಅವಳು ಕೊಂಕು ಬಲ್ಲವಳಲ್ಲ. ಕೇಳಿದ್ದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟಳು, ಅಷ್ಟೇ.

"ನೀವು ನನ್ನನ್ನು... ಹೊಗಳೋಕೆ ಶುರು ಮಾಡಿದ್ರಲ್ಲ ಅತ್ತೆ. ಆಗಿನಿಂದ."

ಜೀಪು ಹೊರಟಿತು. ಅತ್ತೆ ನಿಂತಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು. ನಾನು ಎಬ್ಬಿಸಲು ಹೋಗಲಿಲ್ಲ, ಪಕ್ಕದಲ್ಲಿ ಕೂತೆ.