ಉದ್ದಣ್ಣನ ಬೆನ್ನು

ಉದ್ದಣ್ಣನನ್ನು ಮೊದಲು ನೋಡಿದವರು ನನ್ನ ಭಾವ. ಇದರಲ್ಲಿ ಊರಿಗೆ ಎರಡು ಮಾತಿಲ್ಲ. ಹಲ್ಲು ಕೀಳಿಸಿಕೊಳ್ಳಲೆಂದು ಕೆಲಸಕ್ಕೆ ರಜೆ ಹಾಕಿ ಹೋದವರು ಆಚೆ ದಡದ ಡಾಕ್ಟರ ಮಹಡಿಯ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಗ, ಕಿಟಕಿಯಾಚೆ ಕೆರೆಯ ನಡುವೆ ಕಪ್ಪಗೆ, ಉದ್ದಕ್ಕೆ, ಗೂನು ಗೂನಾಗಿ ಏನೋ ಸಾಗುತ್ತಿರುವುದು ಕಂಡಿತಂತೆ. ಬಾಯಲ್ಲಿ ಇಕ್ಕಳವಿತ್ತು. ಮಾತಾಡಲಾಗದೆ ಡಾಕ್ಟರ ತಲೆಯನ್ನೇ ಎರಡು ಕೈಯಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಡಾಕ್ಟರೂ ನೋಡಿದರು; ನೋಡುತ್ತಲೇ ಪಕ್ಕದ ಗಟ್ಟಿ ಹಲ್ಲನ್ನು ಕಿತ್ತರು. ಭಾವ ಅದಕ್ಕೆ ಇವತ್ತಿಗೂ ಬೇಸರ ಮಾಡಿಕೊಂಡಿಲ್ಲ. ಬರೀ ಅವರೇ ನೋಡಿದ್ದರೆ ಕುಡಿದಿದ್ದರು ಎಂದು ಊರವರು ಅನ್ನುತ್ತಿದ್ದರು. ಡಾಕ್ಟರು ನೋಡಿದ ಮೇಲೆ ಅದು ಸತ್ಯವಾಯಿತು, ಉದ್ದಣ್ಣ ಎಂಬ ಹೆಸರೂ ಬಂತು.

ನಾನೂ ಭಾವನೂ ಕೆರೆ ಇಲಾಖೆಯಲ್ಲಿ ಕಳೆ ಕೊಯ್ಯುವವರು. ದೋಣಿಯಲ್ಲಿ ನಿಂತು, ಉದ್ದ ಹಿಡಿಯ ಕುಡುಗೋಲಿನಿಂದ ಜೊಂಡು ಕೊಯ್ದು, ಚಾಪೆ ಸುತ್ತಿದ ಹಾಗೆ ಸುತ್ತಿ, ಮಾರಿಗೊಂದು ಕಡೆ ಹಗ್ಗ ಬಿಗಿದು ನೀರಿಗೆ ಬಿಡುವುದು ನಮ್ಮ ರೂಢಿ. ಮಧ್ಯಾಹ್ನ ಗಾಳಿ ಎದ್ದಿತೆಂದರೆ ಸುರುಳಿ ತಾನಾಗಿಯೇ ಆಚೆ ದಡಕ್ಕೆ ಹೋಗುತ್ತದೆ. ಗಾಳಿ ಪುಕ್ಕಟೆ ಸಿಗುವಾಗ ರಟ್ಟೆ ಯಾಕೆ ನೋಯಿಸಿಕೊಳ್ಳಬೇಕು? ಬಿಟ್ಟು ನಾವು ಈಚೆ ದಡದ ಮನೆಗೆ ಹೊರಡುತ್ತೇವೆ. ಮರುದಿನ ಬೆಳಿಗ್ಗೆ ಲಾರಿಯವರು ಆಚೆ ದಡದಿಂದ ತುಂಬಿಕೊಂಡು ಹೋಗುತ್ತಾರೆ.

ಆ ಬೇಸಿಗೆಯಲ್ಲಿ ಆಚೆ ದಡದವರಿಗೆಲ್ಲ ಉದ್ದಣ್ಣ ಕಂಡ. ಭಾನುವಾರ ಮಾತ್ರ ಯಾರಿಗೂ ಕಾಣಲಿಲ್ಲ.

"ಉದ್ದಣ್ಣನಿಗೂ ವಾರದ ರಜೆ ಇದೆ ಕಣ್ರೀ, ನಮಗೇ ಇಲ್ಲ," ಎಂದ ಕ್ಷೌರಿಕ, ನನ್ನ ಕುತ್ತಿಗೆಗೆ ಬಟ್ಟೆ ಬಿಗಿಯುತ್ತ. ಭಾನುವಾರ ನನಗೂ ರಜೆಯೇ; ನಾನೂ ನಕ್ಕೆ. ನಗುವಾಗಲೂ ಹೊಳೆಯಲಿಲ್ಲ.

ಇಲಾಖೆಯ ಸಾಹೇಬರು ಆಜ್ಞೆ ಹೊರಡಿಸಿದರು. ಅಪರೂಪದ ಪ್ರಾಣಿಗೆ ಕುಡುಗೋಲು ತಾಗಬಾರದು. ಕಳೆ ಕೊಯ್ಯುವುದು ಬಂದ್. ಮೊದಲು ನೋಡಿದವರೆಂದು ಭಾವನಿಗೆ ಟೋಪಿ, ದುರ್ಬೀನು ಕೊಟ್ಟು ಆಚೆ ದಡದಲ್ಲಿ ಕಾವಲಿಗೆ ಕೂರಿಸಿದರು. ನನ್ನನ್ನು ಮನೆಗೆ ಕಳಿಸಿದರು.

"ಮುಂದಿನ ಬೇಸಿಗೆವರೆಗೂ ಕಾಣಿಸ್ಲಿಲ್ಲ ಅಂದ್ರೆ ಆಜ್ಞೆ ತೆಗೀತೀನಿ. ಆಮೇಲೆ ದೋಣಿ ಇಳಿಸು. ಅಲ್ಲಿವರೆಗೂ ತಾಳ್ಮೆ ಇರ್ಲಿ," ಎಂದರು ಸಾಹೇಬರು.

ಆಜ್ಞೆ ಬಂದ ದಿನದಿಂದ ಉದ್ದಣ್ಣ ಯಾರಿಗೂ ಕಾಣಲಿಲ್ಲ. ಮುನಿಸಿಕೊಂಡಿದ್ದಾನೆ ಎಂದರು.

ನಾನು ಅಕ್ಕನ ಮನೆಯಲ್ಲಿ ಹತ್ತಿ ತುಂಬುತ್ತ ಕೂತೆ. ಅಕ್ಕ ಹಸಿರು ಬಟ್ಟೆಯ ಉದ್ದಣ್ಣ ಬೊಂಬೆಗಳನ್ನು ಹೊಲಿದು ದಡದ ಅಂಗಡಿಗೆ ಕೊಡುತ್ತಿದ್ದಳು. ಉದ್ದನೆಯ ಚೀಲಕ್ಕೆ ಹತ್ತಿ ತುರುಕಿ, ಗೇಣಿಗೊಂದು ದಾರ ಬಿಗಿದರೆ ನಡುನಡುವೆ ಗೂನು ಏಳುತ್ತದೆ. ಒಂದು ಸಂಜೆ ಹಾಗೆ ದಾರ ಬಿಗಿಯುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಅದೇ ಎಳೆತ, ಅದೇ ಗಂಟು. ಬುದ್ಧಿಗಿಂತ ಮೊದಲು ಬೆರಳಿಗೆ ತಿಳಿಯಿತು. ಇಷ್ಟು ವರ್ಷ ಸುರುಳಿ ಬಿಟ್ಟಿದ್ದೇವೆ. ನಡುನೀರಿನಲ್ಲಿ ಅದು ದೂರದಿಂದ ಹೇಗೆ ಕಾಣುತ್ತದೆಂದು ಒಂದು ದಿನವೂ ತಿರುಗಿ ನೋಡಿಲ್ಲ. ಭಾವ ಹಲ್ಲು ನೋವೆಂದು ಹೋದ ದಿನ ಆ ಸುರುಳಿ ಬಿಟ್ಟವನು ನಾನೇ.

"ಅಕ್ಕ, ಇದು ನಮ್ಮ ಕಳೆ ಕಣೇ," ಎಂದೆ.

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. "ಈಗ ಗೊತ್ತಾಯ್ತಾ?"

"ನಿನಗೆ ಗೊತ್ತಿತ್ತಾ?"

"ಮೊದಲನೇ ಬೊಂಬೆ ಕಟ್ಟಿದಾಗಲೇ. ನೋಡೋ, ಹುಟ್ಟಿದಾಗಿನಿಂದ ನಿನ್ನ ಭಾವ ಯಾವುದರಲ್ಲೂ ಮೊದಲು ಬಂದವರಲ್ಲ. ಇದರಲ್ಲಿ ಬಂದಿದಾರೆ. ಬೇಸಿಗೆ ಬರೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿರು. ನಿನ್ನ ಕೆಲಸವೂ ಬರುತ್ತೆ, ಅವರ ಮರ್ಯಾದೆಯೂ ಉಳಿಯುತ್ತೆ."

ಸುಮ್ಮನಿರಬೇಕಿತ್ತು. ಆದರೆ ಬೇಸಿಗೆಗೆ ಮುಂಚೆ ಯಾರಾದರೂ ತೇಲುವ ಮರದ ದಿಮ್ಮಿ ನೋಡಿ ಕೂಗಿದರೆ? ಸಾಹೇಬರಿಗೆ ವರ್ಗವಾದರೆ? ಇಲಾಖೆಯ ತಪ್ಪು ತಿಳಿದೂ ತಿಳಿಸದವನೆಂದು ನನ್ನನ್ನೇ ಹಿಡಿದರೆ? ಹೊರಳಾಡಿ ಸಾಕಾಗಿ ಸಾಹೇಬರ ಕಚೇರಿಗೆ ಹೋದೆ. ಅವರು ಪೂರ್ತಿ ಕೇಳಿದರು, ತಲೆದೂಗಿದರು.

"ಸರಿಯಪ್ಪ. ಒಂದು ಸುರುಳಿ ಕಟ್ಟಿ ಬಿಡು. ನಾನೇ ಆಚೆ ದಡದಲ್ಲಿ ನಿಂತು ನೋಡ್ತೀನಿ. ಕಳೆ ಅಂತ ಕಂಡ್ರೆ ಅಲ್ಲೇ ಆಜ್ಞೆ ವಾಪಸ್."

ಗೊತ್ತುಮಾಡಿದ ದಿನ ಬೆಳಗಿನಿಂದ ಕೊಯ್ದೆ. ಇದು ಬೇರೆ ಎಂದು ಯಾರಿಗೂ ಅನುಮಾನ ಬರಬಾರದೆಂದು ಎಂದಿನಷ್ಟೇ ದಪ್ಪ, ಎಂದಿನಷ್ಟೇ ಉದ್ದ ಸುತ್ತಿದೆ. ಗಾಳಿ ಎದ್ದ ಮೇಲೆ ಬಿಟ್ಟು, ದೋಣಿ ಕಟ್ಟಿ, ಕೆರೆ ಸುತ್ತಿ ಹೋಗುವ ಬಸ್ಸು ಹಿಡಿದೆ. ಬಸ್ಸಿನ ಕಿಟಕಿಯಿಂದ ಮೊದಲ ಸಲ ನೋಡಿದೆ. ಇಳಿಬಿಸಿಲಿಗೆ ಕಪ್ಪಗೆ, ಗೂನು ಏಳುತ್ತ ಮುಳುಗುತ್ತ ಹೋಗುತ್ತಿತ್ತು. ನಾನೇ ಕಟ್ಟಿದ್ದೆಂದು ತಿಳಿದಿದ್ದೂ ಮೈ ಜುಮ್ಮೆಂದಿತು.

ನಾನು ಇಳಿಯುವಾಗ ದಡದಲ್ಲಿ ಜಾತ್ರೆಯಷ್ಟು ಜನ. ಮಕ್ಕಳನ್ನು ಹೆಗಲ ಮೇಲೆ ಹೊತ್ತವರು, ಅಳುವವರು, ಕೈ ಮುಗಿಯುವವರು. ಡಾಕ್ಟರು ಕೈಗವಸು ಕಳಚದೆಯೇ ಓಡಿಬಂದಿದ್ದರು. ಸಾಹೇಬರ ಕಣ್ಣಲ್ಲಿ ನೀರು.

"ನೋಡಿದ್ರಾ ಸಾರ್?" ಎಂದೆ.

"ನೋಡಿದೆ ಕಣಯ್ಯ. ಜನ್ಮ ಸಾರ್ಥಕ ಆಯ್ತು."

"ಸುರುಳಿ ಹಾಗೇ ಕಾಣುತ್ತೆ ಅಲ್ವಾ ಸಾರ್?"

"ಯಾವ ಸುರುಳಿ? ಓ, ನಿಂದಾ? ಅದನ್ನೇ ಕಾಯ್ತಾ ನಿಂತಿದ್ದೆ. ಅಷ್ಟರಲ್ಲಿ ಉದ್ದಣ್ಣನೇ ಬಂದುಬಿಟ್ಟ. ಅವನು ಬಂದ ಮೇಲೆ ನಿನ್ನ ಕಳೆ ಯಾರು ನೋಡ್ತಾರೆ?"

ಹತ್ತು ಹೆಜ್ಜೆ ಆಚೆ ನನ್ನ ಸುರುಳಿ ದಡಕ್ಕೆ ಬಿದ್ದು ನೀರು ಸುರಿಸುತ್ತಿತ್ತು. ಬೆರಳು ಮಾಡಿ ತೋರಿಸಿದೆ.

"ಹೂಂ, ಉದ್ದಣ್ಣನ ಹಿಂದೆಯೇ ತೇಲಿ ಬಂದಿದೆ," ಎಂದರು. "ಅವನಿಗೆ ತಾಗಿದ್ದಿದ್ರೆ ಗತಿ ಏನು? ಇನ್ನು ಈ ಕೆರೆಯಲ್ಲಿ ಕಳೆ ಕೊಯ್ಯೋದು ಬೇಡವೇ ಬೇಡ. ನಾಳೆ ದೋಣಿ ಕಚೇರಿಗೆ ಒಪ್ಪಿಸಿಬಿಡು."

ಭಾವ ಟೋಪಿ ಹಾಕಿಕೊಂಡು ಸುರುಳಿಯ ಪಕ್ಕದಲ್ಲೇ ನಿಂತಿದ್ದರು. ಓಡಿಹೋಗಿ ಅವರ ತೋಳು ಹಿಡಿದೆ.

"ಭಾವ, ನೀವಾದ್ರೂ ಹೇಳಿ. ನಿಮ್ಮ ಮಾತು ಕೇಳ್ತಾರೆ. ನನ್ನ ಅನ್ನ ಹೋಗುತ್ತೆ."

ಭಾವ ಕೆಳಗೆ ಬಗ್ಗಿ ಸುರುಳಿಯ ತುದಿ ಮುಟ್ಟಿದರು. ಕಾಲಿನಿಂದ ಒತ್ತಿ ನೋಡಿದರು.

"ಬಾಲದ ಕಡೆ ಸಡಿಲ ಬಿಗಿದಿದೀಯ," ಎಂದರು ಮೆಲ್ಲಗೆ. "ಇನ್ನೊಂದು ಫರ್ಲಾಂಗು ಹೋಗಿದ್ರೆ ಬಿಚ್ಚಿಕೊಳ್ತಿತ್ತು."

"ಅಂದ್ರೆ ನಿಮಗೆ ಗೊತ್ತು."

"ನಿನಗೆ ಬೇರೆ ಕೆಲಸ ಸಿಗುತ್ತೆ ಮಾರಾಯ. ನನಗೆ ಈ ವಯಸ್ಸಲ್ಲಿ ಬೇರೆ ಏನು ಕಾಣಿಸುತ್ತೆ?"

ಯಾರೋ ಹೆಂಗಸು ಮಗುವನ್ನು ಎತ್ತಿಕೊಂಡು ಬಂದು, ಮೊದಲ ಸಲ ಕಂಡದ್ದೂ ಇಷ್ಟೇ ಉದ್ದವಿತ್ತಾ ಎಂದು ಕೇಳಿದರು. ಭಾವ ದುರ್ಬೀನು ಕುತ್ತಿಗೆಯಿಂದ ತೆಗೆದು ಅವರ ಕೈಗೆ ಕೊಟ್ಟರು.

"ಈ ಸಲ ಸ್ವಲ್ಪ ಬೆಳೆದಿದೆ ತಾಯಿ," ಎಂದರು.

ಕತ್ತಲಾಗುವುದರೊಳಗೆ ದಡ ಚೊಕ್ಕಟವಾಗಬೇಕೆಂದು ಸಾಹೇಬರು ಲಾರಿ ಕರೆಸಿದರು. ಕಳೆ ಎತ್ತಿ ಹಾಕಲು ನನಗೇ ಹೇಳಿದರು. ಹಗ್ಗ ಬಿಚ್ಚಿ, ಒದ್ದೆ ಜೊಂಡನ್ನು ತಬ್ಬಿ ತಬ್ಬಿ ಒಬ್ಬನೇ ಎತ್ತಿ ಹಾಕಿದೆ. ಭಾವ ಜನರಿಗೆ ಬೆನ್ನು ಯಾವ ಕಡೆ ಮುಳುಗಿತೆಂದು ತೋರಿಸುತ್ತಿದ್ದರು. ಈ ಕಡೆ ತಿರುಗಲಿಲ್ಲ.