ಕರ್ನಲ್ ಸಾಹೇಬರ ಸೋಫಾ

ನಾನು ಮೂರು ಟನ್ ಹೊರುವ ಒಂದು ಮಿಲಿಟರಿ ಲಾರಿ. ಕಾರ್ಖಾನೆಯೊಂದರ ಎಣ್ಣೆಜಿಡ್ಡಿನ ನೆಲದ ಮೇಲೆ ಹುಟ್ಟಿದೆ. ಮೊದಲು ಚಾಸಿ ಬಂತು, ಆಮೇಲೆ ಇಂಜಿನ್, ಕೊನೆಗೆ ಮೈತುಂಬ ಹಸಿರು ಬಣ್ಣ. ಬಣ್ಣ ಒಣಗುವ ಮೊದಲೇ ಅಧಿಕಾರಿಯೊಬ್ಬ ಬಂದು ಬಾನೆಟ್ ತಟ್ಟಿ, "ದೇಶಸೇವೆಗೆ ಹೋಗ್ತಾ ಇದೀಯ" ಅಂದ. ಅಂಗೈಗೆ ಬಣ್ಣ ಮೆತ್ತಿತು. ಶಪಿಸುತ್ತಾ ನನ್ನ ಟೈರಿಗೇ ಒರೆಸಿ ಹೋದ. ಆದರೂ ಅವನ ಮಾತನ್ನು ನಂಬಿದೆ. ಹೊಸ ಲಾರಿ ಏನನ್ನಾದರೂ ನಂಬುತ್ತದೆ.

ಎಪ್ಪತ್ತೊಂದರ ಯುದ್ಧದ ಚಳಿಗಾಲದಲ್ಲಿ ನಾನು ಉತ್ತರದ ಗುಡ್ಡಗಳಲ್ಲಿದ್ದೆ. ನನ್ನನ್ನು ಓಡಿಸುತ್ತಿದ್ದವನು ನಾಯಕ್ ಫಕೀರಪ್ಪ ಹಡಪದ, ಸವದತ್ತಿ ಕಡೆಯವನು. ಬೆಳಿಗ್ಗೆ ಇಂಜಿನ್ ಚಳಿಗೆ ಸೆಟೆದುಕೊಂಡರೆ ತನ್ನ ಕಂಬಳಿಯನ್ನೇ ಬಾನೆಟ್ ಮೇಲೆ ಹೊದಿಸಿ, "ಏಳವ್ವಾ, ಮ್ಯಾಲ ಮಂದಿ ಹಸದಾರ" ಅನ್ನುತ್ತಿದ್ದ. ಬೆನ್ನಿಗೆ ಒಂದು ಟ್ರೇಲರ್ ಕಟ್ಟಿಕೊಂಡು ದಿನವೂ ಮೇಲಿನ ಠಾಣೆಗಳಿಗೆ ಹಿಟ್ಟು, ಸೀಮೆಎಣ್ಣೆ, ಗುಂಡಿನ ಪೆಟ್ಟಿಗೆ ಹೊರುತ್ತಿದ್ದೆವು. ಮೇಲೆ ಸಿಪಾಯಿಗಳ ಬೂಟು ಹರಿದಿತ್ತು. ಗೋಣಿಚೀಲ ಹರಿದು ಕಾಲಿಗೆ ಸುತ್ತಿಕೊಂಡವರನ್ನೂ ಕಂಡೆ. ಬೂಟಿನ ಲೋಡ್ ಮಾತ್ರ ಒಮ್ಮೆಯೂ ನನ್ನ ಮೇಲೇರಲಿಲ್ಲ.

ಒಂದು ದಿನ ಕರ್ನಲ್ ಸಾಹೇಬರ ಬಿಡಾರದ ಹತ್ತಿರ ಶೆಲ್ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಧಿಕಾರಿಗಳ ಮೆಸ್ಸನ್ನು ಕೂಡಲೇ ಕೆಳಗಿನ ಶಿಬಿರಕ್ಕೆ ಸಾಗಿಸಬೇಕೆಂದು ಹುಕುಂ ಬಂತು. ನನ್ನೊಳಗೆ ಸಾಹೇಬರ ಕೆಂಪು ಮಖಮಲ್ಲಿನ ಸೋಫಾ, ಅಕ್ರೋಟ್ ಮರದ ಕಪಾಟು, ಸುತ್ತಿದ ರತ್ನಗಂಬಳಿ ತುರುಕಿದರು. ಟ್ರೇಲರಿಗೆ ಪಿಂಗಾಣಿಯ ಪೆಟ್ಟಿಗೆಗಳು. ಕಾವಲಿಗೆ ಮೆಸ್ಸಿನ ಹವಾಲ್ದಾರ್ ಚೆನ್ನರಾಯಪ್ಪ ಫಕೀರಪ್ಪನ ಪಕ್ಕ ಕೂತ. ಹಾಸನ ಕಡೆಯವನು, ಕರ್ನಲ್ ಕೆಮ್ಮಿದರೂ ನಡುಗುವವನು.

ಅರ್ಧ ದಾರಿಯ ತಿರುವಿನಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಡ್ರೆಸಿಂಗ್ ಡೇರೆಯಿತ್ತು. ಅಲ್ಲಿಯ ಕಾಂಪೌಂಡರ್ ಸುಂದರ ಶೇರಿಗಾರ ರಸ್ತೆಗೆ ಅಡ್ಡ ನಿಂತು ಕೈ ಬೀಸಿದ. ಅವನ ತೋಳೆಲ್ಲ ರಕ್ತ.

"ಆಂಬುಲೆನ್ಸಿಗೆ ಶೆಲ್ ಬಿತ್ತು ಮಾರಾಯ. ಒಳಗೆ ಗಾಯ ಆದವರು ಏಳು ಜನ ಉಂಟು. ಸಂಜೆವರೆಗೆ ಇಲ್ಲೇ ಇಟ್ರೆ ಒಬ್ಬನೂ ಉಳಿಯುದಿಲ್ಲ."

ಫಕೀರಪ್ಪ ಕೆಳಗಿಳಿದು ಡೇರೆಯೊಳಗೆ ಇಣುಕಿದ. ವಾಪಸ್ ಬಂದವನೇ ನನ್ನ ಹಿಂಬಾಗಿಲು ಬಿಚ್ಚಿದ.

"ಕೈ ಇಡಬ್ಯಾಡ ಕಣೋ!" ಚೆನ್ನರಾಯಪ್ಪ ಓಡಿ ಬಂದ. "ಸಾಹೇಬ್ರು ನನ್ನ ಚರ್ಮ ಸುಲಿತಾರೆ."

"ಸುಲೀಲಿ. ಅಲ್ಲಿ ಏಳು ಮಂದೀದು ಆಗಲೇ ಸುಲದೈತಿ. ನೋಡಿ ಬಾ ಹೋಗು."

ಚೆನ್ನರಾಯಪ್ಪ ನೋಡಲು ಹೋಗಲಿಲ್ಲ. ಆದರೆ ಡೇರೆಯಿಂದ ಯಾರೋ ಅವ್ವನನ್ನು ಕೂಗಿದ್ದು ಅವನಿಗೂ ಕೇಳಿಸಿತು. ಬೈಯುತ್ತಲೇ ಬಂದು ಸೋಫಾದ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು ಕಣಿವೆಗೆ ದೂಡಿದರು. ಆಮೇಲೆ ಕಪಾಟು. ರತ್ನಗಂಬಳಿಯನ್ನು ಮಾತ್ರ ಬಿಚ್ಚಿ ಗಾಯಾಳುಗಳ ಕೆಳಗೆ ಹಾಸಿದರು. ತಿರುವುಗಳಲ್ಲಿ ಟ್ರೇಲರ್ ಎಳೆದಾಡಿದರೆ ನನ್ನ ಮೈ ಕುಲುಕುತ್ತದೆಂದು ಅದನ್ನೂ ಕಳಚಿ ದಾರಿಬದಿಗೆ ಬಿಟ್ಟರು. ಅಂದು ಫಕೀರಪ್ಪ ನನ್ನನ್ನು ಓಡಿಸಿದ ಹಾಗೆ ಮತ್ಯಾರೂ ಓಡಿಸಲಿಲ್ಲ. ಪ್ರತಿ ಹಳ್ಳಕ್ಕೂ ಮೊದಲೇ ಬ್ರೇಕು, ಪ್ರತಿ ಕಲ್ಲಿಗೂ ಒಂದು ಬೈಗುಳ. ಆರು ಮಂದಿ ಜೀವಂತ ಆಸ್ಪತ್ರೆ ಸೇರಿದರು. ತಿಮ್ಮೋಜಿ ಎಂಬ ಒಬ್ಬ ಕೊನೆಯ ತಿರುವಿನಲ್ಲಿ ನೀರು ಕೇಳಿ, ಅದು ಬರುವ ಮೊದಲೇ ಹೋದ.

ವಾರದ ಬಳಿಕ ವಿಚಾರಣೆ ನಡೆಯಿತು. ನನ್ನನ್ನೂ ಅಂಗಳದಲ್ಲಿ ನಿಲ್ಲಿಸಿದ್ದರು. ಒಬ್ಬ ಟೇಪು ಹಿಡಿದು ನನ್ನ ಒಡಲು ಅಳೆದ. ಸೋಫಾ ಸರಿಸಿದ್ದರೆ ಎಷ್ಟು ಜಾಗ ಸಿಗುತ್ತಿತ್ತು ಎಂದು ಲೆಕ್ಕ ಹಾಕಿದ. ಕಣಿವೆ ಎಷ್ಟು ಆಳ, ಮಖಮಲ್ಲು ಹರಿದಿದೆಯೇ, ಗಂಬಳಿಯ ಕಲೆ ಹೋಗುತ್ತದೆಯೇ ಎಂದೆಲ್ಲ ಕೇಳಿದರು. ತಿಮ್ಮೋಜಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಚೆನ್ನರಾಯಪ್ಪನ ಸರದಿ ಬಂತು. "ನಾನು ತಡೆದೆ ಸಾರ್," ಅಂದ. "ಅವನು ನನ್ನ ತಳ್ಳಿಬಿಟ್ಟ." ಸೋಫಾ ಹಿಡಿದಿದ್ದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಫಕೀರಪ್ಪ ಅವನತ್ತ ತಿರುಗಲೂ ಇಲ್ಲ. ತಪ್ಪೊಪ್ಪಿಕೊಳ್ಳುತ್ತೀಯಾ ಎಂದು ಕೇಳಿದಾಗ, "ಸೋಫಾಕ್ಕ ರಕ್ತ ಬರೂದಿಲ್ರೀ ಸಾಹೇಬ್ರ. ಅದಕ್ಕ ಅದನ್ನ ಇಳಿಸಿದೆ" ಅಂದ. ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ತೋಳಿನ ದರ್ಜೆಯ ಪಟ್ಟಿ ಕಿತ್ತು ಅವನನ್ನು ಎಲ್ಲೋ ದೂರದ ಡಿಪೋಗೆ ಕಳಿಸಿದರು. ಹೋಗುವ ಮುಂಚೆ ನನ್ನ ಹತ್ತಿರ ಬಂದು ಗಾಜು ಒರೆಸಿದ.

ಕರ್ನಲ್ ಸಾಹೇಬರಿಗೆ ಪದಕ ಬಂತು. ಗಾಯಾಳುಗಳನ್ನು ತ್ವರಿತವಾಗಿ ಸಾಗಿಸುವ ಉತ್ತಮ ವ್ಯವಸ್ಥೆ ಮಾಡಿದ್ದಕ್ಕಂತೆ. ಕವಾಯತಿನ ಮೈದಾನದಲ್ಲಿ ಅದನ್ನು ಎಲ್ಲರೆದುರು ಓದಿ ಹೇಳಿದರು.

ಅಲ್ಲಿಗೂ ಮುಗಿಯಲಿಲ್ಲ. ಹಿಮ ಕರಗಿದ ಮೇಲೆ ಹತ್ತು ಸಿಪಾಯಿಗಳನ್ನು ಹಗ್ಗ ಕಟ್ಟಿ ಕಣಿವೆಗೆ ಇಳಿಸಿದರು. ಅವರಲ್ಲೊಬ್ಬನ ಕಾಲಿಗೆ ಆಗಲೂ ಗೋಣಿಯೇ. ಇಡೀ ದಿನ ಎಳೆದು ಅವರು ಮೇಲೆ ತಂದದ್ದು ಸೋಫಾವನ್ನು. ಒಂದು ಕಾಲು ಮುರಿದಿತ್ತು, ಮಖಮಲ್ಲಿನೊಳಗೆ ಇಲಿ ಮರಿ ಹಾಕಿತ್ತು. ಅದನ್ನು ನನ್ನ ಮೇಲೇ ಏರಿಸಿದರು. ಹೊತ್ತೆ. ಹೊರಲಾರೆ ಅನ್ನುವ ಬಾಯಿ ಲಾರಿಗಿಲ್ಲ. ಅಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಹಲವು ಚಾಲಕರು ಬಂದರು, ಹೋದರು. ಯಾರ ಹೆಸರೂ ನೆನಪಿನಲ್ಲಿ ಉಳಿದಿಲ್ಲ. ಸೇನೆ ನನ್ನನ್ನು ಹರಾಜಿಗೆ ಹಾಕಿತು. ಗೋಕಾಕದ ಕಲ್ಲಿನ ಗುತ್ತಿಗೆದಾರನೊಬ್ಬ ಜಲ್ಲಿ ಹೊರಿಸಿದ. ಜಲ್ಲಿ ಹೊರುವುದು ಹಿತವಾಗಿತ್ತು. ಅದಕ್ಕೆ ಪದಕದ ಆಸೆಯಿಲ್ಲ. ಇಂಜಿನ್ ಸತ್ತ ಮೇಲೆ ಹುಬ್ಬಳ್ಳಿಯ ಲಾಲ್‌ಸಾಬನ ಗುಜರಿಗೆ ಬಂದು ಬಿದ್ದೆ. ಚಕ್ರವಿಲ್ಲ, ಗಾಜಿಲ್ಲ. ಬಾನೆಟ್ಟಿನೊಳಗೆ ಬೆಕ್ಕೊಂದು ಸಂಸಾರ ಹೂಡಿತ್ತು.

ನಿನ್ನೆ ಕಪ್ಪು ಕನ್ನಡಕದ ಒಬ್ಬ ಬಂದು ನನ್ನ ಸುತ್ತ ಫೋಟೋ ಹೊಡೆದ. ಅವನದು ರೆಸಾರ್ಟಂತೆ.

"ಇದರೊಳಗೆ ಬಾರ್ ಮಾಡ್ತೀವಿ. ಯುದ್ಧದ ಥೀಮು. ವೇಟರ್‌ಗಳಿಗೆಲ್ಲ ಬ್ಯಾಂಡೇಜ್ ಸುತ್ತಿ ಕೆಂಪು ಬಣ್ಣ ಹಚ್ಚಿಸ್ತೀವಿ. ಸೂಪರ್ ಆಗಿರುತ್ತೆ." ನನ್ನ ಪಕ್ಕೆ ಸವರಿ ಮುಖ ಸಿಂಡರಿಸಿದ. "ಒಂದೂ ಗುಂಡಿನ ತೂತಿಲ್ವಲ್ಲ? ಡ್ರಿಲ್ ಹಾಕಿ ಒಂದಿಪ್ಪತ್ತು ಹೊಡೆಸಿಕೊಡಿ."

ಲಾಲ್‌ಸಾಬ ಬೀಡಿ ಆರಿಸಿದ. "ಇದು ಮಾರಾಕಿಲ್ರಿ. ನಾಳೆ ಕಡೀತೀವಿ."

"ಗುಜರಿಯವರು ಮಾರೋದಿಲ್ಲ ಅಂತೀರಾ?"

"ತುಕ್ಕು ಮಾರ್ತೀನ್ರಿ. ಹೊಲಸು ಮಾರೂದಿಲ್ಲ. ನೀವು ಹೊಂಡ್ರಿ."

ಅವನು ಹೋದ ಮೇಲೆ ಲಾಲ್‌ಸಾಬ ಬೆಕ್ಕಿನ ಮರಿಗಳನ್ನು ಒಂದೊಂದಾಗಿ ಎತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿದ. ಇಂದು ಬೆಳಿಗ್ಗೆ ಗ್ಯಾಸ್ ಕಟರ್ ಹೊತ್ತಿಸುವ ಸದ್ದು ಕೇಳುತ್ತಿದೆ. ಕರಗಿ ಏನಾಗುವೆನೋ ಗೊತ್ತಿಲ್ಲ. ಮೊಳೆಯಾಗಬಹುದು, ಬಾಗಿಲ ಚಿಲಕವಾಗಬಹುದು. ಏನಾದರೂ ಆಗಲಿ. ಬೆಂಕಿ ಬೇಗ ಬರಲಿ, ಮೊದಲು ಈ ಹಸಿರು ಬಣ್ಣ ಸುಡಲಿ.