ನಾಲ್ಕು ಬೆರಳಿನ ಸಂದಿ

ಗುರುವಾರ ಸಂಜೆ ಜಮಾಲಸಾಬ ಹೊಸ ಒಲೆ ಕಟ್ಟಿ ಮುಗಿಸಿ, ಕರಣಿ ತೊಳೆದುಕೊಂಡು ಹೋದಾಗ ಅದರ ಹಿಂದೆ ನಾಲ್ಕು ಬೆರಳಿನಷ್ಟು ಸಂದಿ ಇತ್ತು. ಶುಕ್ರವಾರ ಬೆಳಿಗ್ಗೆ ಬಂದು ನೋಡಿದರೆ ಆ ಸಂದಿಯಲ್ಲಿ ಒಂದು ಕಟ್ಟು ಹಳೇ ಪೇಪರು, ಎರಡು ಮೊರ, ಒಂದು ಛತ್ರಿ.

“ಅಕ್ಕಾರ, ಇದೇನ್ರಿ ಇದು?”

“ಛತ್ರಿ,” ಅಂದಳು ರುದ್ರವ್ವ, ಹಿಟ್ಟು ನಾದುವ ಕೈ ನಿಲ್ಲಿಸದೆ.

“ಅದು ಕಾಣಸ್ತೈತಿ. ಇಲ್ಲಿ ಯಾಕ ಇಟ್ಟೀರಿ?”

“ಮತ್ತೆಲ್ಲಿ ಇಡ್ಲಿ? ನಿನ್ನ ತಲಿ ಮ್ಯಾಲ?”

ಅವಳ ಮಾತಿನಲ್ಲೂ ಸುಳ್ಳಿರಲಿಲ್ಲ. ಕುರ್ಲಾದ ಆ ಚಾಳಿನ ಕೆಳಗಿನ ಅಂತಸ್ತಿನ ಒಂದೇ ಖೋಲಿ ರುದ್ರವ್ವನ ಮನೆ, ಅದೇ ಖಾನಾವಳಿ. ಜಮಖಂಡಿ ಕಡೆಯ ಹೆಣ್ಣುಮಗಳು. ಸುತ್ತಲಿನ ಲೇಥ್ ಕಾರ್ಖಾನೆಗಳ ನಲವತ್ತು ಗಂಡಸರಿಗೆ ಎರಡು ಹೊತ್ತು ಜೋಳದ ರೊಟ್ಟಿ ಬಡಿದು ಹಾಕುತ್ತಿದ್ದಳು. ರೇಷನ್ನಿನ ಸೀಮೆಎಣ್ಣೆ ಅಷ್ಟು ಜನಕ್ಕೆ ಎಲ್ಲಿ ಸಾಕು? ಪ್ಯಾಕಿಂಗ್ ಪೆಟ್ಟಿಗೆಯ ಕಟ್ಟಿಗೆಯೇ ಗತಿ. ಆ ಕಟ್ಟಿಗೆಯ ಉರಿಗೆ ಹಳೇ ಮಣ್ಣಿನ ಒಲೆಯ ಹಿಂದಿನ ಹಲಗೆಗೋಡೆ ಕರ್ರಗಾಗಿ, ಹದಿನೈದು ದಿನದ ಹಿಂದೆ ಅದರಾಚೆ ಪಕ್ಕದ ಖೋಲಿಯಲ್ಲಿ ಇಂದ್ರಾಬಾಯಿಯ ಕೌದಿಯಿಂದ ಹೊಗೆ ಎದ್ದಿತ್ತು. ಚಾಳಿನ ಮಾಲಕ ಇಬ್ಬರನ್ನೂ ಕರೆದು ಒಂದೇ ಮಾತು ಹೇಳಿದ್ದ: ಹೊಸ ಒಲೆ ಕಟ್ಟಿಸಿ, ಎರಡು ವಾರ ಬಿಟ್ಟು ಬರುವ ಭಾನುವಾರ ಎರಡು ತಾಸು ಉರಿಸಿ, ಇಂದ್ರಾಬಾಯಿ ತನ್ನ ಕಡೆಯಿಂದ ಹಲಗೆಗೆ ಕೈ ಇಟ್ಟು ನೋಡಲಿ, ಕೈ ಬಿಸಿ ತಡೆದರೆ ಒಲೆ ಇರಲಿ, ತಡೆಯದಿದ್ದರೆ ಅವತ್ತೇ ಒಲೆ ಕಿತ್ತು ಹೊರಗೆ. ಒಲೆ ಹೋದರೆ ಖಾನಾವಳಿ ಹೋಯಿತು, ಖಾನಾವಳಿ ಹೋದರೆ ರುದ್ರವ್ವನಿಗೆ ಮುಂಬಯಿಯಲ್ಲಿ ನಿಲ್ಲಲು ಕಾರಣವೇ ಇರಲಿಲ್ಲ.

ಹಾಗಾಗಿ ಜಮಾಲಸಾಬ ಬಂದ. ಬಾಗಲಕೋಟೆ ಕಡೆಯ ಗೌಂಡಿ. ಇಪ್ಪತ್ತು ವರ್ಷದಿಂದ ಎರಕದ ಕಾರ್ಖಾನೆಗಳಲ್ಲಿ ಭಟ್ಟಿ ಕಟ್ಟಿದವನು, ಅಷ್ಟೇ ವರ್ಷದಿಂದ ರುದ್ರವ್ವನ ರೊಟ್ಟಿ ಉಂಡವನು. ಗುಜರಿಯಲ್ಲಿ ಹುಡುಕಿ, ಯಾವುದೋ ಒಡೆದ ಹಡಗಿನ ಕಬ್ಬಿಣದ ಒಲೆಪೆಟ್ಟಿಗೆ ತಂದ. ಬಾಗಿಲಿತ್ತು, ಹೊಗೆ ಕಿಟಕಿಯಾಚೆ ಹೋಗಲು ಕೊಳವೆ ಇತ್ತು. ಕೆಳಗೆ ಎರಡು ವರಸೆ ಇಟ್ಟಂಗಿ ಹಾಸಿ, ಕೆಂಡ ಬಿದ್ದರೆ ಬೀಳಲೆಂದು ಮುಂದೆ ಒಂದೂವರೆ ಗೇಣು ಜಗುಲಿ ಬಿಟ್ಟು, ಪೆಟ್ಟಿಗೆಯ ಮೂರೂ ಕಡೆ ಭಟ್ಟಿಯ ಇಟ್ಟಂಗಿ ಕಟ್ಟಿದ. ಹಿಂದಿನ ಇಟ್ಟಂಗಿಗೂ ಹಲಗೆಗೂ ನಡುವೆ ನಾಲ್ಕು ಬೆರಳು ಖಾಲಿ ಬಿಟ್ಟ, ಪಕ್ಕಕ್ಕೂ ಮೇಲಕ್ಕೂ ಬಾಯಿ ತೆರೆದು. ಇಡೀ ಕೆಲಸದ ಜೀವ ಇದ್ದದ್ದು ಆ ಖಾಲಿಯಲ್ಲೇ.

“ಅಲ್ಲಿ ಏನೂ ಇಡಬ್ಯಾಡ್ರಿ,” ಅಂದ ಶುಕ್ರವಾರ, ಛತ್ರಿ ಎಳೆದು ಹಾಕುತ್ತ.

ಶನಿವಾರ ಬಂದರೆ ಪೇಪರು, ಛತ್ರಿ ಇರಲಿಲ್ಲ. ಚಾಪೆಯೊಂದು ಸುರುಳಿ ಸುತ್ತಿ ನಿಂತಿತ್ತು, ಅದರ ಪಕ್ಕ ಕಸಬರಿಗೆ.

“ಅಕ್ಕಾರ, ನಿನ್ನೆ ಏನಂದೆ ನಾ?”

“ಪೇಪರು ಬ್ಯಾಡ ಅಂದಿ, ತಗದ್ನಿ. ಚಾಪಿ ಬ್ಯಾಡಂತ ಅಂದಿದ್ದೇನು? ಜಮಾಲಣ್ಣ, ಕುರ್ಲಾದಾಗ ನಾಲ್ಕು ಬೆರಳು ಜಾಗಾ ಸುಮ್ಮನ ಬಿಟ್ಟವರನ್ನ ನಾ ಇನ್ನೂ ನೋಡಿಲ್ಲ. ನಿನಗ ಅಳತಿ ತಪ್ಪೇತಿ, ಹೇಳಾಕ ನಾಚಿಕಿ.”

ಜಮಾಲಸಾಬನ ಕಿವಿ ಬಿಸಿಯಾದವು. ಅಳತೆ ತಪ್ಪಿದೆಯಂತೆ, ಅವನಿಗೆ. ಚಾಪೆಯನ್ನು ಹೊರಗೆಸೆದು, “ಖಾಲಿ ಅಂದರ ಖಾಲಿ,” ಎಂದಷ್ಟೇ ಹೇಳಿ ಎದ್ದು ಹೋದ.

ಭಾನುವಾರ ಒಂಬತ್ತಕ್ಕೆ ಬಂದಾಗ ಸಂದಿಯಲ್ಲಿ ಏನೂ ಇರಲಿಲ್ಲ. ಸಂದಿಯೇ ಇರಲಿಲ್ಲ. ಮೇಲಿನ ಬಾಯಿ, ಪಕ್ಕದ ಬಾಯಿ ಎರಡನ್ನೂ ಮಣ್ಣು ಸಗಣಿ ಕಲಸಿ ಮೆತ್ತಿ, ನುಣ್ಣಗೆ ಸಾರಿಸಿ, ಮೇಲೊಂದು ರಂಗೋಲಿ ಎಳೆದು, ಅರಿಶಿನ ಕುಂಕುಮ ಏರಿಸಿದ್ದಳು.

ಜಮಾಲಸಾಬ ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ.

“ಹೊಸ ಒಲಿಗೆ ಬಿರುಕು ಇರಬಾರದು,” ಅಂದಳು ರುದ್ರವ್ವ, ಅವನು ಹೊಗಳುತ್ತಾನೆಂದು ಕಾಯುತ್ತ. “ನೀ ಬಿಟ್ಟಿದ್ದಿ. ನಾ ಮುಚ್ಚೇನಿ. ಈಗ ಖಾಲಿನೂ ಆತು, ಕಣ್ಣಿಗೆ ಚಂದನೂ ಆತು.”

ಅವನು ಎದ್ದು ಒಳಗೆ ಬಂದ. ಚೀಲದಿಂದ ಉಳಿ, ಸುತ್ತಿಗೆ ತೆಗೆದ. ಮೊದಲ ಏಟಿಗೇ ರಂಗೋಲಿ ಉದುರಿತು.

“ಪೂಜಾ ಮಾಡಿದ ಒಲಿ ಅದು! ಕೈ ಹೆಂಗ ಬರ್ತೈತಿ ನಿನಗ?”

“ಹತ್ತಕ್ಕ ಇಂದ್ರಾಬಾಯಿ ಬರ್ತಾಳ. ನಿಮ್ಮ ಚಂದ ಆಕೀ ಕೈ ಸುಡ್ತೈತಿ.”

ಒಳಗೆ ಮಣ್ಣು ಇನ್ನೂ ಹಸಿ. ಕೆದಕಿದಷ್ಟೂ ಅರ್ಧ ಹೊರಗೆ, ಅರ್ಧ ಸಂದಿಯ ತಳಕ್ಕೆ. ಮುಗಿಯಿತೆಂದು ಅವನು ಬೆವರು ಒರೆಸಿಕೊಳ್ಳುವಾಗ ಇಂದ್ರಾಬಾಯಿ ಬಾಗಿಲಿಗೆ ಬಂದಿದ್ದಳು. ಅಕ್ಕಲಕೋಟೆಯವಳು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಲ್ಲಿ ಆಡುವವಳು.

“ಬಘಾ ರುದ್ರವ್ವ, ನನಗ ನಿನ್ನ ಮ್ಯಾಲ ಸಿಟ್ಟ ನಾಹಿ. ಆದರ ಕೈ ಸುಟ್ಟರ ಒಲಿ ಇವತ್ತ ಹೊರಗ.”

ಒಲೆ ಹೊತ್ತಿತು. ಕಬ್ಬಿಣ ಕೆಂಪೇರಿತು. ಹಲಗೆಯಾಚೆಯಿಂದ ಇಂದ್ರಾಬಾಯಿ ಆಗಾಗ ಕೂಗುತ್ತಿದ್ದಳು, “ಥಂಡ ಆಹೆ... ಇಲ್ಲೂ ಥಂಡ...” ಒಂದು ತಾಸು ದಾಟಿದ ಮೇಲೆ ಕೂಗು ನಿಂತಿತು.

“ಕೆಳಗ ಮೂಲ್ಯಾಗ ಬಿಸಿ ಐತಿ,” ಅಂದಳು. “ಜಾಸ್ತಿ ಆಗಾಕತ್ತೈತಿ.”

ಜಮಾಲಸಾಬ ನೆಲಕ್ಕೆ ಮಲಗಿ ಸಂದಿಯಲ್ಲಿ ಕೈ ತುರುಕಿದ. ಮಣಿಕಟ್ಟಿನ ತನಕ ಹೋಯಿತು, ದಪ್ಪ ತೋಳು ಮುಂದೆ ಹೋಗಲಿಲ್ಲ. ಇಣುಕಿದರೆ, ಬೆಳಿಗ್ಗೆ ತಳಕ್ಕೆ ಉದುರಿದ ಮಣ್ಣಿನ ಮುದ್ದೆ ಇಟ್ಟಂಗಿಗೂ ಹಲಗೆಗೂ ನಡುವೆ ಕಚ್ಚಿಕೊಂಡು, ಬೆಂಕಿಯ ಕಾವನ್ನು ನೇರ ಹಲಗೆಗೆ ದಾಟಿಸುತ್ತಿತ್ತು. ಉಳಿ ಹಾಕಿದರೆ ಹಲಗೆ ಒಡೆದೀತು.

“ಸರಿ ಆಕಡೆ,” ಅಂದಳು ರುದ್ರವ್ವ. ಬಳೆ ಕಳಚಿಟ್ಟು, ಒದ್ದೆ ಅರಿವೆ ಸುತ್ತಿಕೊಂಡ ತೆಳ್ಳಗಿನ ಕೈಯನ್ನು ಹೆಗಲ ತನಕ ಒಳಗಿಳಿಸಿದಳು. ಹಲ್ಲು ಕಚ್ಚಿ ಒಂದೊಂದೇ ಹೆಂಟೆ ಎಳೆದು ಹಾಕಿದಳು. ಕೊನೆಯದು ಬಂದ ಮೇಲೂ ಕೈ ತೆಗೆಯಲಿಲ್ಲ.

“ಒಳಗ ಗಾಳಿ ಆಡಾಕತ್ತೈತಲ್ಲೋ ಜಮಾಲಣ್ಣ. ಕೆಳಗಿಂದ ಮ್ಯಾಲ ಹೊಂಟೈತಿ.”

“ಅದಕ್ಕ ಬಿಟ್ಟಿದ್ದು. ಆ ಗಾಳಿ ಕಾವು ಹೊತ್ಕೊಂಡು ಹೋಗ್ತೈತಿ. ಹಲಗಿಗೆ ಮುಟ್ಟಾಕ ಬಿಡೂದಿಲ್ಲ.”

“ಮೂರು ದಿನದಾಗ ಇದೊಂದು ಮಾತು ನಿನ್ನ ಬಾಯಾಗ ಬರಲಿಲ್ಲ?”

ಇಡಬೇಡಿ ಎಂದು ಜಮಾಲಸಾಬ ಅಂದಿದ್ದ, ಎರಡು ಸಲ ಅಂದಿದ್ದ. ಯಾಕೆಂದು ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಯಾವ ಸೇಠನೂ ಕೇಳಿರಲಿಲ್ಲ, ಹೇಳುವ ರೂಢಿಯೇ ಇರಲಿಲ್ಲ. ಇಷ್ಟು ಹೊತ್ತು ಅವಳ ಮೇಲಿದ್ದ ಸಿಟ್ಟು ಈಗ ತನ್ನ ಮೇಲೆ ತಿರುಗಿತು, ಕಡಿಮೆಯಂತೂ ಆಗಲಿಲ್ಲ.

ಎರಡು ತಾಸು ತುಂಬಿದಾಗ ಇಂದ್ರಾಬಾಯಿ ಎರಡೂ ಅಂಗೈ ಹಲಗೆಗೆ ಒತ್ತಿ, ತನಗೆ ಸಾಕೆನಿಸುವಷ್ಟು ಹೊತ್ತು ನಿಂತು, “ಬೆಚ್ಚಗೈತಿ, ಅಷ್ಟ. ಇರಲಿ ಒಲಿ,” ಅಂದಳು. ರುದ್ರವ್ವ ಕೆಂಪಾದ ಕೈಗೆ ಎಣ್ಣೆ ಸವರಿಕೊಂಡು, ಮೊದಲ ರೊಟ್ಟಿ ಬಡಿಯಲು ಕೂತಳು.

ಜಮಾಲಸಾಬ ಮಾತ್ರ ಮನೆಗೆ ಹೋಗಲಿಲ್ಲ. ಗುಜರಿಗೆ ಹೋಗಿ, ಗಾಳಿ ಮಾತ್ರ ಹೋಗುವಂಥ ತೂತಿನ ಕಬ್ಬಿಣದ ಜಾಲಿ ತಂದು, ಸಂದಿಯ ಎರಡೂ ಬಾಯಿಗೆ ಅಳತೆ ಹಿಡಿದು, ಸಿಮೆಂಟು ಕಲಸತೊಡಗಿದ. ರುದ್ರವ್ವ ರೊಟ್ಟಿ ತಿರುವಿ ಹಾಕುತ್ತ ಜಾಲಿಯನ್ನೇ ನೋಡಿದಳು.

“ಜಮಾಲಣ್ಣ, ಈ ತೂತಿನಾಗ ಊದಿನಕಡ್ಡಿ ಸಿಗಿಸಬಹುದಲ್ಲ?”

ಅವನು ಕರಣಿ ಕೆಳಗಿಟ್ಟ. ಜಾಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೂ ಸಣ್ಣ ತೂತಿನದು ತರಲು ಮತ್ತೆ ಗುಜರಿಯ ಕಡೆ ಹೊರಟ.